ಬಡಗಿ ಪೆಟ್ಟಿಗೆಯ ಹೆಸರಿಲ್ಲದ ಕಬ್ಬಿಣ

"ಗುರುಗಳೇ, ಎದುರಾಳಿಯ ಮಾತು ತಪ್ಪೆಂದು ಮನಸ್ಸು ಹೇಳುತ್ತದೆ. ಆದರೆ ಸರಿ ಯಾವುದೆಂದು ಹೇಳಲು ನನಗೆ ಬಾರದು. ಆಗ ಅವನ ಮಾತನ್ನೇ ಒಪ್ಪಿಕೊಳ್ಳಬೇಕೇ?"

ಸೋಮಲಿಂಗನೆಂಬ ಶಿಷ್ಯ ಹೀಗೆ ಕೇಳಿದ. ಹಿಂದಿನ ದಿನ ಬೇರೊಂದು ಮಠದಲ್ಲಿ ನಡೆದ ವಾದದಲ್ಲಿ ಅವನು ಸೋತು ಬಂದಿದ್ದ. "ಇದಲ್ಲವಾದರೆ ಮತ್ತೇನು, ನೀನೇ ಹೇಳು" ಎಂದು ಅಲ್ಲಿಯ ಪಂಡಿತರು ಕೇಳಿದ್ದರು. ಅವನಿಗೆ ಉತ್ತರ ಹೊಳೆಯಲಿಲ್ಲ. ತಲೆ ತಗ್ಗಿಸಿ "ನೀವು ಹೇಳಿದ್ದೇ ಸರಿ" ಎಂದು ಎದ್ದು ಬಂದಿದ್ದ.

ಗುರು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ಬಡಗಿ ಇದ್ದ. ಹೆಸರು ಮೌನಪ್ಪ. ಹೆಸರಿಗೆ ತಕ್ಕಂತೆ ಮಾತು ಕಡಿಮೆ. ಅವನು ಆ ಊರಿನವನಲ್ಲ. ತಲೆಯಲ್ಲಿ ನರೆಗೂದಲು ಕಾಣಿಸಿಕೊಂಡ ಮೇಲೆ ಎಲ್ಲಿಂದಲೋ ಬಂದು, ಅಲ್ಲಿಯೇ ಮದುವೆಯಾಗಿ, ಅಲ್ಲಿಯೇ ನೆಲೆ ನಿಂತವನು. ಬರುವಾಗ ಹೆಗಲ ಮೇಲೆ ಒಂದು ತೇಗದ ಪೆಟ್ಟಿಗೆ ಇತ್ತು. ಅದರ ಮೂಲೆಗಳಿಗೆ ಕಬ್ಬಿಣದ ಪಟ್ಟಿ ಹೊಡೆದಿತ್ತು. ಊರವರಿಗೆ ಅವನು ಬಾಗಿಲು ಮಾಡಿಕೊಟ್ಟ, ತೊಟ್ಟಿಲು ಮಾಡಿಕೊಟ್ಟ. ಹಿಂದೆ ಎಲ್ಲಿದ್ದೆ, ಏನು ಮಾಡಿದೆ ಎಂದು ಯಾರಾದರೂ ಕೇಳಿದರೆ "ಇದೇ ಕೆಲಸ" ಎನ್ನುತ್ತಿದ್ದ. ಅಷ್ಟೇ.

ಅವನಿಗೆ ಒಬ್ಬಳೇ ಮಗಳು, ಕಾಳಮ್ಮ. ತಾಯಿ ಬೇಗ ತೀರಿಕೊಂಡಿದ್ದಳು. ಮಗಳು ಅಪ್ಪನ ಪಕ್ಕದಲ್ಲಿ ಕೂತೇ ಬೆಳೆದಳು. ಉಳಿ ಹಿಡಿಯುವುದನ್ನು ಅವನು ಕಲಿಸಲಿಲ್ಲ, ಬೇಡವೆಂದೂ ಹೇಳಲಿಲ್ಲ. ಅವಳು ನೋಡಿ ಕಲಿತಳು. ಮೌನಪ್ಪ ಸತ್ತ ಮೇಲೆ ಆ ಪೆಟ್ಟಿಗೆಯನ್ನು ತೆರೆದು ಕೆಲಸಕ್ಕೆ ಕೂತಳು. ಹೆಂಗಸು ಬಾಚಿ ಹಿಡಿದರೆ ಊರಿಗೆ ಒಳ್ಳೆಯದಲ್ಲ ಎಂದು ನಾಲ್ಕು ಜನ ಅಂದರು. ಅಂದವರ ಮನೆಯ ಲಟ್ಟಣಿಗೆ ಮುರಿದಾಗ ಅವರೂ ಅವಳ ಬಳಿಗೇ ಬಂದರು.

ಒಮ್ಮೆ ಪೆಟ್ಟಿಗೆಯ ತಳಕ್ಕೆ ಗೆದ್ದಲು ಹತ್ತಿತು. ಕಾಳಮ್ಮ ಉಳಿ, ಬಾಚಿ, ಗರಗಸಗಳನ್ನೆಲ್ಲ ಹೊರಗೆ ಹರಡಿ, ಪೆಟ್ಟಿಗೆಯನ್ನು ಬೋರಲು ಹಾಕಿ ಬಡಿದಳು. ತಳದ ಹಲಗೆ ಕಳಚಿಕೊಂಡಿತು. ಅದರ ಕೆಳಗೆ ಇನ್ನೊಂದು ಹಲಗೆ. ಎರಡರ ನಡುವೆ ಎಣ್ಣೆಬಟ್ಟೆಯಲ್ಲಿ ಸುತ್ತಿದ ಒಂದು ಗಂಟು.

ಬಿಚ್ಚಿ ನೋಡಿದರೆ ನಾಲ್ಕು ಕಬ್ಬಿಣಗಳು. ಒಂದು ಬಳೆ, ಒಳಗಡೆ ಹಲ್ಲುಗಳು. ಒಂದು ಕೊಕ್ಕೆ, ಹಕ್ಕಿಯ ಕೊಕ್ಕಿನಂತೆ ಬಾಗಿದ್ದು. ಮೂರು ಬೆರಳುಗಳಿದ್ದ ಒಂದು ಕವಲು. ಇನ್ನೊಂದು ಗೇಣುದ್ದಕ್ಕಿಂತ ಕಡಿಮೆ ಇದ್ದ ಸಲಾಕೆ, ಒಂದು ತುದಿಯಲ್ಲಿ ತೂತು, ಇನ್ನೊಂದು ತುದಿಯಲ್ಲಿ ತಿರುಪು. ಯಾವುದಕ್ಕೂ ತುಕ್ಕು ಹಿಡಿದಿರಲಿಲ್ಲ. ಯಾರೋ ಎಷ್ಟೋ ಸಲ ಎಣ್ಣೆ ಒರೆಸಿ ಇಟ್ಟಿದ್ದರು.

ಅಪ್ಪನ ಎಲ್ಲ ಸಾಮಾನನ್ನೂ ಅವಳು ಬಲ್ಲಳು. ಇವುಗಳನ್ನು ಕಂಡಿರಲಿಲ್ಲ. ಮರಕ್ಕೆ ಇಟ್ಟು ನೋಡಿದಳು. ಇವು ಕೊಯ್ಯುವುದಿಲ್ಲ, ಕೆತ್ತುವುದಿಲ್ಲ, ಹಿಡಿಯುವುದೂ ಇಲ್ಲ. ಕಮ್ಮಾರನ ಬಳಿಗೆ ಹೋದಳು. ಅವನು ತಿರುಗಿಸಿ ತಿರುಗಿಸಿ ನೋಡಿ, "ಒಳ್ಳೆಯ ಕೈ ಮಾಡಿದ್ದು. ಯಾತಕ್ಕೆ ಮಾಡಿದ್ದೋ ತಿಳಿಯದು" ಎಂದ. ಆಗ ಅವಳು ಸಂತೆಯ ದಿನ ಅವುಗಳನ್ನು ಚಾಪೆಯ ಮೇಲಿಟ್ಟುಕೊಂಡು ಕೂತಳು. ಬಂದವರನ್ನೆಲ್ಲ ಕೇಳಿದಳು, ಇವು ಏನೆಂದು ನಿಮಗೆ ಗೊತ್ತೇ?

ಅವಳ ಕಷ್ಟ ಶುರುವಾದದ್ದು ಆ ಪ್ರಶ್ನೆಯಿಂದ.

ಆ ಪಟ್ಟಣದಲ್ಲಿ ಊರಿಗೆಲ್ಲ ಸೇರಿದ ಒಂದು ಕಣಜ ಇತ್ತು. ಹಿಂದೆ ಯಾವಾಗಲೋ ಅದರ ಕಾಳೆಲ್ಲ ಖಾಲಿಯಾಗಿತ್ತು. ಬೀಗ ಒಡೆದಿರಲಿಲ್ಲ, ಗೋಡೆಗೆ ಕನ್ನ ಬಿದ್ದಿರಲಿಲ್ಲ. ಬೀಗದ ಕೈ ಇದ್ದದ್ದು ಪಟ್ಟಣದ ಅಧಿಕಾರಿಯ ಸೊಂಟದಲ್ಲಿ. ಜನ ತಮ್ಮತಮ್ಮಲ್ಲೇ ಏನೋ ಮಾತಾಡಿಕೊಳ್ಳುತ್ತಿದ್ದರು, ಗಟ್ಟಿಯಾಗಿ ಯಾರೂ ಹೇಳುತ್ತಿರಲಿಲ್ಲ. ಅರಮನೆಯಿಂದ ಮಾತ್ರ ವರ್ಷ ವರ್ಷವೂ ಕೇಳಿಕೆ ಬರುತ್ತಿತ್ತು, ಕಳ್ಳ ಸಿಕ್ಕನೇ ಎಂದು.

ಅಧಿಕಾರಿ ಸಂತೆಗೆ ಬಂದ. ಚಾಪೆಯ ಮೇಲಿದ್ದುದನ್ನು ನೋಡಿದ. ಬಾಗಿದ ಕೊಕ್ಕೆಯನ್ನು ಎತ್ತಿಕೊಂಡು ಬಿಸಿಲಿಗೆ ಹಿಡಿದ.

"ಎಲ್ಲಿ ಸಿಕ್ಕಿತು?"

ಕಾಳಮ್ಮ ಇದ್ದದ್ದು ಇದ್ದಂತೆ ಹೇಳಿದಳು. ಪೆಟ್ಟಿಗೆ, ತಳ, ಎರಡು ಹಲಗೆ, ಎಣ್ಣೆಬಟ್ಟೆ.

"ಬಚ್ಚಿಟ್ಟದ್ದು" ಎಂದ ಅಧಿಕಾರಿ, ಸುತ್ತಲಿದ್ದವರಿಗೆ ಕೇಳುವಂತೆ. "ಬೇರೆ ಊರಿನಿಂದ ಬಂದವನು. ಹಿಂದಿನದು ಏನೆಂದು ಯಾರಿಗೂ ಹೇಳದವನು. ಇದು ಕಳ್ಳಕೀಲಿ. ಇದು ಚಿಲಕ ಸರಿಸುವ ಕವಲು. ಕಣಜಕ್ಕೆ ಕೈ ಹಾಕಿದವನು ಈಗ ಸಿಕ್ಕ."

ಮರುದಿನ ಅವನು ಸಭೆ ಕರೆದ. ಊರ ಹಿರಿಯರು ಬಂದು ಕೂತರು. ಅಧಿಕಾರಿ ಒಂದು ಬೀಗ ತರಿಸಿ, ಕೊಕ್ಕೆಯನ್ನು ಅದರೊಳಗೆ ತೂರಿಸಿ ತಿರುಗಿಸಿದ. ಬೀಗ ತೆರೆಯಲಿಲ್ಲ. ಆ ಕಡೆ ತಿರುಗಿಸಿದ, ಈ ಕಡೆ ತಿರುಗಿಸಿದ, ಆಗಲೂ ತೆರೆಯಲಿಲ್ಲ.

"ಕಳ್ಳನಿಗೆ ಕೈಚಳಕ ಇತ್ತು. ನನಗೆ ಇಲ್ಲ" ಎಂದು ಅವನು ಬೀಗವನ್ನು ಪಕ್ಕಕ್ಕಿಟ್ಟ. ಹಿರಿಯರು ತಲೆ ಆಡಿಸಿದರು. ಆಮೇಲೆ ಅವನು ಕಾಳಮ್ಮನ ಕಡೆ ತಿರುಗಿದ. ಅವನ ದನಿ ಮೆತ್ತಗಿತ್ತು.

"ನೋಡಮ್ಮ, ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಸತ್ತವನನ್ನು ಸೆರೆಗೆ ಹಾಕಲು ಆಗುವುದಿಲ್ಲ. ನನ್ನ ಅಪ್ಪ ಕಳ್ಳ ಎಂದು ಈ ಸಭೆಯಲ್ಲಿ ಒಂದು ಮಾತು ಹೇಳು. ಪೆಟ್ಟಿಗೆ ನಿನಗೇ ಇರಲಿ, ಮನೆಗೆ ಹೋಗು."

"ಅವನು ಕಳ್ಳನೆಂದು ನನಗೆ ಗೊತ್ತಿಲ್ಲ ಒಡೆಯರೇ" ಎಂದಳು ಕಾಳಮ್ಮ.

"ಹಾಗಾದರೆ ಇವು ಏನು?"

"ಅದೂ ಗೊತ್ತಿಲ್ಲ."

"ನಾನು ಒಂದು ಉತ್ತರ ಕೊಟ್ಟಿದ್ದೇನೆ. ನಿನ್ನ ಬಳಿ ಉತ್ತರವೇ ಇಲ್ಲ. ಸಭೆ ಯಾರ ಮಾತನ್ನು ನಂಬಬೇಕು?"

ಸಭೆಯಲ್ಲಿ ಒಬ್ಬಿಬ್ಬರು ನಕ್ಕರು. ಕಾಳಮ್ಮ ಅವರು ನಕ್ಕು ಮುಗಿಸುವ ತನಕ ಕಾದಳು.

"ನನಗೆ ಗೊತ್ತಿಲ್ಲ ಎಂದರೆ ನಿಮಗೆ ಗೊತ್ತಿದೆ ಎಂದಾಗುವುದಿಲ್ಲ" ಎಂದಳು.

ಅಲ್ಲಿಂದ ಅಧಿಕಾರಿಯ ದನಿ ಬದಲಾಯಿತು. ಅವನು ತೀರ್ಪು ಹೇಳಿದ. ಆ ನಾಲ್ಕು ಕಬ್ಬಿಣಗಳನ್ನು ಊರಬಾಗಿಲಿಗೆ ಮೊಳೆ ಹೊಡೆದು ತೂಗುಹಾಕಬೇಕು. ಪಕ್ಕದಲ್ಲಿ ಒಂದು ಹಲಗೆ ಇರಬೇಕು, ಅದರ ಮೇಲೆ 'ಕಳ್ಳ ಮೌನಪ್ಪನ ಸಲಕರಣೆ' ಎಂದು ಬರೆಸಬೇಕು. ಮಗಳು ಒಪ್ಪಿಕೊಳ್ಳುವ ತನಕ ಅವಳ ಕೈಯ ಕೆಲಸವನ್ನು ಪಟ್ಟಣದೊಳಗೆ ಯಾರೂ ಕೊಳ್ಳಬಾರದು.

ಹಾಗೆಯೇ ಆಯಿತು. ತೊಟ್ಟಿಲು ಹೇಳಿದ್ದವರು ಬೇಡ ಎಂದರು. ಅರ್ಧ ಕೆತ್ತಿದ್ದ ಬಾಗಿಲು ಅಂಗಳದಲ್ಲಿ ಹಾಗೇ ಬಿದ್ದಿತ್ತು. ನೆರೆಮನೆಯ ಮುದುಕಿ ಸೆರಗಿನಡಿ ಗಂಜಿ ತಂದುಕೊಟ್ಟು ಬುದ್ಧಿ ಹೇಳಿದಳು.

"ಹೂಂ ಎಂದುಬಿಡು ಮಗಳೇ. ಸತ್ತವರಿಗೆ ಮಾನ ಯಾಕೆ? ಬದುಕಿದವರಿಗೆ ಗಂಜಿ ಬೇಕು."

"ಸತ್ತವರು ಎದ್ದು ಬಂದು ಅಲ್ಲ ಎನ್ನಲಾರರು ಅಜ್ಜಿ. ಅದಕ್ಕೇ ಬದುಕಿದವರು ಹೂಂ ಎನ್ನಬಾರದು."

"ಹಾಗಾದರೆ ಅವನು ಕಳ್ಳನಲ್ಲ ಎಂದು ನಿನಗೆ ಗೊತ್ತೇ?"

ಮುದುಕಿ ಹೋದ ಮೇಲೆಯೂ ಆ ಪ್ರಶ್ನೆ ಕಾಳಮ್ಮನ ಜೊತೆಗೇ ಇತ್ತು. ಅಪ್ಪ ಆ ಕಬ್ಬಿಣಗಳನ್ನು ಎರಡು ಹಲಗೆಗಳ ನಡುವೆ ಯಾಕೆ ಇಟ್ಟ? ಹಿಂದಿನ ಮಾತು ಬಂದಾಗಲೆಲ್ಲ ಯಾಕೆ ಎದ್ದು ಹೋಗುತ್ತಿದ್ದ? ಇದ್ದರೂ ಇರಬಹುದೇ? ಅವಳು ಅನ್ನ ಬಿಟ್ಟು ಯೋಚಿಸಿದಳು. ಕೊನೆಗೆ ತನಗೆ ತಾನೇ ಹೇಳಿಕೊಂಡಳು: ಅವನು ಕಳ್ಳನೇ ಆಗಿದ್ದರೆ ಒಂದು ದಿನ ಅದು ನನಗೆ ತಿಳಿಯುತ್ತದೆ. ತಿಳಿದ ದಿನ ನಾನೇ ಸಭೆಗೆ ಹೋಗಿ ಹೇಳುತ್ತೇನೆ. ತಿಳಿಯುವ ಮೊದಲು ಹೇಳುವುದಿಲ್ಲ.

ಮರುದಿನ ಬೆಳಿಗ್ಗೆ ಉಳಿ, ಮರದ ತುಂಡು, ಚಾಪೆ ಹಿಡಿದು ಅವಳು ಊರಬಾಗಿಲಿಗೆ ಹೋದಳು. ಹಲಗೆಯ ಕೆಳಗೆ, ಬಾಗಿಲ ಹೊರಗಡೆ ಚಾಪೆ ಹಾಸಿದಳು. ಕಾವಲುಗಾರ ಓಡಿ ಬಂದ.

"ಇಲ್ಲಿ ಕೂರುವಂತಿಲ್ಲ."

"ನಿಮ್ಮ ಅಪ್ಪಣೆ ಪಟ್ಟಣದೊಳಗೆ. ನಾನು ಹೊರಗೆ ಕೂತಿದ್ದೇನೆ."

ಅವನು ಹೋಗಿ ಅಧಿಕಾರಿಯನ್ನು ಕೇಳಿದ. ಕೂರಲಿ ಬಿಡು, ಬಿಸಿಲಿಗೆ ತಾನೇ ಎದ್ದು ಹೋಗುತ್ತಾಳೆ ಎಂದು ಅಧಿಕಾರಿ ನಕ್ಕ.

ಅವಳು ಎದ್ದು ಹೋಗಲಿಲ್ಲ. ಅಲ್ಲಿಯೇ ಕೂತು ಸೌಟು ಕೆತ್ತಿದಳು. ಹೊರಗಿನಿಂದ ಬರುವವರಿಗೆ ಊರ ಕಟ್ಟಳೆ ಇರಲಿಲ್ಲ. ಅವರು ಸೌಟು ತೆಗೆದುಕೊಂಡು ಜೋಳವನ್ನೋ ಬೇಳೆಯನ್ನೋ ಕೊಟ್ಟು ಹೋಗುತ್ತಿದ್ದರು. ಬಾಗಿಲು ದಾಟುವವರೆಲ್ಲ ತಲೆ ಎತ್ತಿ ಹಲಗೆ ಓದುತ್ತಿದ್ದರು. ಓದಿ ಮುಗಿಸಿದವರನ್ನು ಕಾಳಮ್ಮ ಕೇಳುತ್ತಿದ್ದಳು.

"ಬರೆದಿರುವುದು ಅಧಿಕಾರಿಯ ಮಾತು. ನಾನು ಮೌನಪ್ಪನ ಮಗಳು. ಇವು ಏನೆಂದು ನನಗೆ ಗೊತ್ತಿಲ್ಲ. ನಿಮಗೆ ಗೊತ್ತೇ?"

ಎಷ್ಟೋ ಜನ ಮುಖ ತಿರುಗಿಸಿ ಹೋದರು. ಕೆಲವರು ನಿಂತು ನೋಡಿದರು. ಗಾಣಿಗನಿಗೆ ಅದು ಗಾಣದ ಸಾಮಾನಿನಂತೆ ಕಂಡಿತು, ಆದರೆ ತನ್ನ ಗಾಣದಲ್ಲಿ ಅಂಥದ್ದು ಇಲ್ಲ ಎಂದ. ಮಾವುತನೊಬ್ಬ ಕೊಕ್ಕೆಯನ್ನು ಮುರಿದ ಅಂಕುಶ ಎಂದ. ಹಾಗಾದರೆ ಬಳೆ ಯಾತಕ್ಕೆ ಎಂದು ಕೇಳಿದರೆ ಅವನಿಗೆ ಗೊತ್ತಿರಲಿಲ್ಲ. ಒಬ್ಬ ವೈದ್ಯ ಬಹಳ ಹೊತ್ತು ನೋಡಿ, ಅವಳ ಚಾಪೆಯ ಮೇಲೆ ಒಂದು ಹಿಡಿ ಹುರಿಗಡಲೆ ಇಟ್ಟು ಹೋದ. ಪ್ರತಿಯೊಬ್ಬರಿಗೂ ಅವಳು ಕೈ ಮುಗಿದಳು. ಯಾರ ಮಾತನ್ನೂ ಹಿಡಿದುಕೊಂಡು ಸಭೆಗೆ ಓಡಲಿಲ್ಲ.

ಬೇಸಗೆ ಕಳೆಯಿತು. ಮಳೆಗಾಲದಲ್ಲಿ ತಲೆಯ ಮೇಲೆ ಕಂಬಳಿಯ ಗೊಪ್ಪೆ ಹಾಕಿಕೊಂಡು ಕೂತಳು. ಅಧಿಕಾರಿಯ ನಗು ನಿಂತುಹೋಗಿತ್ತು. ಪಟ್ಟಣಕ್ಕೆ ಬಂದವರೆಲ್ಲ ಒಳಗೆ ಕಾಲಿಟ್ಟ ಕೂಡಲೇ ಕಣಜದ ವಿಷಯ ಕೇಳುತ್ತಿದ್ದರು. ಕಳ್ಳ ಸತ್ತನಲ್ಲ, ಕಾಳು ಎಲ್ಲಿ ಹೋಯಿತು ಎಂದು ಕೇಳುತ್ತಿದ್ದರು. ಮೊದಲು ಯಾರೂ ಇಷ್ಟು ಕೇಳಿರಲಿಲ್ಲ.

ಒಂದು ದಿನ ದೂರದ ಊರಿನ ಬಟ್ಟೆ ವರ್ತಕನೊಬ್ಬ ಬಂದ. ಒಳ್ಳೆಯ ಮನುಷ್ಯ. ಅವಳ ಕತೆ ಕೇಳಿ ಅವನ ಕಣ್ಣು ಒದ್ದೆಯಾಯಿತು.

"ತಂಗಿ, ನಾನು ಸಭೆಗೆ ಬರುತ್ತೇನೆ" ಎಂದ. "ಇವು ನಮ್ಮ ಕಡೆಯ ಮಗ್ಗದ ಸಾಮಾನು ಎಂದು ಹೇಳುತ್ತೇನೆ. ನಾನು ನಾಲ್ಕು ಊರು ತಿರುಗಿದವನು, ನನ್ನ ಮಾತಿಗೆ ಬೆಲೆ ಇದೆ. ನಾಳೆಯೇ ನಿನ್ನ ಕಷ್ಟ ತೀರುತ್ತದೆ."

ಕಾಳಮ್ಮನ ಕೈಯಲ್ಲಿದ್ದ ಉಳಿ ನಿಂತಿತು.

"ಇವು ಮಗ್ಗದ್ದೇ ಅಣ್ಣಾ?"

"ಯಾರಿಗೆ ಗೊತ್ತು? ಆದರೆ ಎಲ್ಲರೂ ನಂಬುತ್ತಾರೆ."

ಹಸಿವು ಅವಳಿಗೂ ಇತ್ತು. ಮೈಯಲ್ಲಿ ಶಕ್ತಿ ಉಳಿದಿರಲಿಲ್ಲ. ಮಳೆಯಲ್ಲಿ ಕೂತು ಕೂತು ಕೆಮ್ಮು ಹಿಡಿದಿತ್ತು. ಒಂದು ಮಾತು ಹೇಳಿದರೆ ಮನೆಗೆ ಹೋಗಿ ಒಲೆಯ ಮುಂದೆ ಕೂರಬಹುದಿತ್ತು.

"ಬೇಡ ಅಣ್ಣಾ" ಎಂದಳು. "ಗೊತ್ತಿಲ್ಲದೆ ಹೆಸರಿಟ್ಟವರು ಅಲ್ಲಿ ಒಬ್ಬರಿದ್ದಾರೆ. ಇನ್ನೊಬ್ಬರು ಬೇಡ."

ವರ್ತಕನಿಗೆ ಬೇಸರವಾಯಿತು. ಒಳ್ಳೆಯದು ಮಾಡಲು ಬಂದರೆ ಹೀಗೆನ್ನುತ್ತಾಳಲ್ಲ ಎಂದು ಗೊಣಗುತ್ತ ಹೋದ. ಮುದುಕಿಗೆ ಈ ವಿಷಯ ತಿಳಿದು ಅವಳೂ ಬೈದಳು, ಕೆಲವು ದಿನ ಗಂಜಿ ತರಲಿಲ್ಲ. ಊರಿನಲ್ಲಿ ಅವಳನ್ನು ಮೆಚ್ಚಿಕೊಳ್ಳುತ್ತಿದ್ದ ಕೆಲವರೂ ಇದು ಹಟವಲ್ಲ, ಸೊಕ್ಕು ಎಂದರು.

ಮಳೆ ನಿಂತ ಮೇಲೆ ಒಬ್ಬ ಮುದುಕ ಆ ದಾರಿಯಾಗಿ ಬಂದ. ಒಂದು ಕಾಲದಲ್ಲಿ ದಂಡಿನಲ್ಲಿದ್ದವನು. ಒಂದು ಕಾಲು ಎಳೆದು ನಡೆಯುತ್ತಿದ್ದ. ಮಗಳ ಊರಿಗೆ ಹೊರಟಿದ್ದವನು ಬಾಗಿಲ ನೆರಳಲ್ಲಿ ದಣಿವಾರಿಸಿಕೊಳ್ಳಲು ನಿಂತ. ತಲೆ ಎತ್ತಿ ಮೇಲೆ ನೋಡಿದ. ನೋಡಿದವನು ನೋಡುತ್ತಲೇ ಇದ್ದ. ಅವನಿಗೆ ಓದಲು ಬರುತ್ತಿರಲಿಲ್ಲ.

"ಇವನ್ನು ಇಲ್ಲಿ ಯಾಕೆ ತೂಗುಹಾಕಿದ್ದಾರೆ ತಾಯಿ?"

"ಇವು ಕಳ್ಳನ ಸಲಕರಣೆ ಎಂದು ಬರೆದಿದ್ದಾರೆ. ನನಗೆ ಗೊತ್ತಿಲ್ಲ. ನಿಮಗೆ ಗೊತ್ತೇ?"

ಮುದುಕ ಅವಳ ಚಾಪೆಯ ಮೇಲೆ ಕೂತ. ಕೂರುವಾಗ ಕೈಯಿಂದ ಮೊಣಕಾಲಿನ ಬಳಿ ಏನನ್ನೋ ಎಳೆದ. ಟಕ್ ಎಂದು ಸದ್ದಾಯಿತು, ಕಾಲು ಮಡಚಿಕೊಂಡಿತು. ಅವನು ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಸರಿಸಿದ.

ಕಾಲು ಮರದ್ದು. ಮೊಣಕಾಲಿನ ಜಾಗದಲ್ಲಿ ಒಂದು ಕಬ್ಬಿಣದ ಬಳೆ, ಒಳಗಡೆ ಹಲ್ಲುಗಳು. ಆ ಹಲ್ಲಿಗೆ ಸಿಕ್ಕಿಕೊಳ್ಳುವ ಒಂದು ಕೊಕ್ಕೆ, ಹಕ್ಕಿಯ ಕೊಕ್ಕಿನಂತೆ ಬಾಗಿದ್ದು. ನಿಂತಾಗ ಕೊಕ್ಕೆ ಹಲ್ಲಿಗೆ ಬಿದ್ದು ಕಾಲು ನೆಟ್ಟಗೆ ನಿಲ್ಲುತ್ತದೆ, ಎಳೆದರೆ ಮಡಚುತ್ತದೆ. ಅದರ ಮೇಲೆ ತೊಡೆಯನ್ನು ಹಿಡಿದಿದ್ದ ಮರದ ಬಟ್ಟಲು. ಆ ಬಟ್ಟಲಿಗೆ ಕೆಳಗಿನಿಂದ ಆಸರೆ ಕೊಟ್ಟದ್ದು ಮೂರು ಬೆರಳಿನ ಒಂದು ಕವಲು.

ಕಾಳಮ್ಮ ಕೈ ಚಾಚಿ ಆ ಬಳೆಯನ್ನು ಮುಟ್ಟಿದಳು. ಮೇಲೆ ನೋಡಿದಳು. ಮತ್ತೆ ಕೆಳಗೆ ನೋಡಿದಳು.

"ಯಾರು ಮಾಡಿದ್ದು?"

"ದಂಡಿನ ಜೊತೆ ಒಬ್ಬ ಬಡಗಿ ಇದ್ದ. ಬಂಡಿ ಸರಿಮಾಡಲು ಬಂದವನು. ಕಾಲು ಹೋದವರು ಗುಡಾರದಲ್ಲಿ ಬಿದ್ದಿರುವುದನ್ನು ನೋಡಿ ಈ ಕೆಲಸಕ್ಕೆ ಕೈ ಹಾಕಿದ. ಮಾತೇ ಆಡುತ್ತಿರಲಿಲ್ಲ. ನನಗೆ ಕಾಲು ಕಟ್ಟಿ, ನಡೆ ಎಂದ. ಬಿದ್ದೆ. ಮತ್ತೆ ನಡೆ ಎಂದ. ಅವನು ಆಡಿದ್ದು ಅದೊಂದೇ ಮಾತು."

"ಆಮೇಲೆ?"

"ಮರದ ಕಾಲಿನವರೂ ಕಾವಲಿಗೆ ಆಗುತ್ತಾರೆ ಎಂದು ದಂಡನಾಯಕನಿಗೆ ಹೊಳೆಯಿತು. ಮನೆಗೆ ಹೊರಟವರನ್ನೆಲ್ಲ ಹಿಡಿದು ತಂದು ಮತ್ತೆ ಗಡಿಗೆ ಕಳಿಸಿದ. ಅವರಲ್ಲಿ ತಿರುಗಿ ಬಂದವರು ಕಡಿಮೆ. ಇನ್ನಷ್ಟು ಕಾಲು ಮಾಡು ಎಂದು ಬಡಗಿಗೆ ಅಪ್ಪಣೆಯಾಯಿತು. ಅವನು ಪೆಟ್ಟಿಗೆ ಹೊತ್ತುಕೊಂಡು, ಹಾಡುಹಗಲಲ್ಲೇ ದಂಡಿನ ನಡುವೆ ನಡೆದು ಹೊರಟುಹೋದ. ಕೂಗಿದರೂ ತಿರುಗಿ ನೋಡಲಿಲ್ಲ. ಅವನ ಹೆಸರು ಕೂಡ ನನಗೆ ತಿಳಿಯದು."

ಕಾಳಮ್ಮ ಅಲ್ಲಿಯೇ, ಹಾದಿಹೋಕರ ಎದುರಿಗೇ ಅತ್ತಳು. ಅಲ್ಲಿಯ ತನಕ ಅವಳು ಅತ್ತದ್ದನ್ನು ಯಾರೂ ಕಂಡಿರಲಿಲ್ಲ.

ಆ ದಿನವೇ ಸಭೆ ಕೂಡಬೇಕಾಯಿತು. ಬಾಗಿಲಲ್ಲಿ ಸೇರಿದ್ದ ಜನ ಮುದುಕನ ಹಿಂದೆಯೇ ಬಂದಿದ್ದರು. ಅವನು ದಂಡಿನ ಬಡಗಿಯ ಕತೆಯನ್ನು ಮತ್ತೆ ಹೇಳಿ, ಸಭೆಯ ನಡುವೆ ನಿಂತ, ಕೂತ, ಎದ್ದ. ಟಕ್ ಎಂಬ ಸದ್ದು ಎಲ್ಲರಿಗೂ ಕೇಳಿಸಿತು. ಬಾಗಿಲಿನಲ್ಲಿ ಇದ್ದದ್ದನ್ನು ಎಲ್ಲರೂ ದಿನವೂ ನೋಡಿದ್ದರು. ಯಾರಿಗೂ ಬಿಡಿಸಿ ಹೇಳಬೇಕಾಗಲಿಲ್ಲ.

ಅಧಿಕಾರಿ ಬೇಗ ಸೋಲುವವನಲ್ಲ.

"ಮೂರು ಸರಿ" ಎಂದ. "ಅಲ್ಲಿರುವುದು ನಾಲ್ಕು. ತೂತಿರುವ ಆ ಸಲಾಕೆ ಈ ಕಾಲಿನಲ್ಲಿ ಎಲ್ಲಿದೆ?"

ಮುದುಕ ತನ್ನ ಕಾಲನ್ನು ನೋಡಿಕೊಂಡ. ಅಂಥದ್ದು ಅದರಲ್ಲಿ ಇರಲಿಲ್ಲ. ಸಭೆ ಕಾಳಮ್ಮನ ಕಡೆ ತಿರುಗಿತು. ಮೊಣಕಾಲಿನದೇ ಇನ್ನೊಂದು ಕೀಲು ಎಂದಿದ್ದರೆ ಆ ಗಳಿಗೆಯಲ್ಲಿ ಎಲ್ಲರೂ ಒಪ್ಪುತ್ತಿದ್ದರು.

"ನಾಲ್ಕನೆಯದು ಏನೆಂದು ನನಗೆ ಈಗಲೂ ಗೊತ್ತಿಲ್ಲ" ಎಂದಳು ಅವಳು. "ನಿಮಗೂ ಗೊತ್ತಿಲ್ಲ."

ಹಿರಿಯರಲ್ಲಿ ಒಬ್ಬ ನಕ್ಕುಬಿಟ್ಟ. ಈ ಸಲ ನಗು ಅವಳ ಮೇಲೆ ಆಗಿರಲಿಲ್ಲ. ಅಧಿಕಾರಿಯ ಮುಖ ಕೆಂಪಾಯಿತು.

"ಅಪ್ಪಣೆ ಮೀರಿ ದಂಡು ಬಿಟ್ಟು ಹೋದವನು ನಿನ್ನ ಅಪ್ಪ. ಅದು ಅಪರಾಧವಲ್ಲವೇ?"

"ಅದು ನಿಜ ಒಡೆಯರೇ. ಬೇಕಾದರೆ ಅದನ್ನು ಬರೆಸಿ. ಆ ಹಲಗೆಯ ಕೆಳಗೆ ನಾನು ದಿನವೂ ಬಂದು ಕೂರುತ್ತೇನೆ, ಓದಲು ಬಾರದವರಿಗೆ ಓದಿ ಹೇಳುತ್ತೇನೆ. ಆದರೆ ಈಗ ಇರುವುದನ್ನು ತೆಗೆಯಿರಿ."

ಹಿರಿಯರು ತಮ್ಮಲ್ಲಿ ಮಾತಾಡಿಕೊಂಡರು. ಅಧಿಕಾರಿಯ ಮಾನವೂ ಉಳಿಯಬೇಕು ಎಂದು ಅವರಿಗೆ ಅನ್ನಿಸಿತು. ಕಳ್ಳತನದ ಮಾತು ಸಾಬೀತಾಗಿಲ್ಲ, ಹೊತ್ತು ಮುಳುಗಿದ ಮೇಲೆ ಆಳುಗಳು ಬಂದು ಹಲಗೆ ಇಳಿಸಲಿ, ಕಬ್ಬಿಣಗಳನ್ನು ಅವಳ ಮನೆಗೆ ತಲುಪಿಸಲಿ ಎಂದರು.

"ಹಗಲು ಹೊಡೆದದ್ದನ್ನು ಹಗಲಲ್ಲೇ ತೆಗೆಯಬೇಕು" ಎಂದಳು ಕಾಳಮ್ಮ. "ಊರೆಲ್ಲ ನೋಡುವಾಗ ಹೊಡೆದಿರಿ. ಊರೆಲ್ಲ ನೋಡುವಾಗ ತೆಗೆಯಿರಿ."

ಅಧಿಕಾರಿ ಎದ್ದು ಒಳಗೆ ಹೋದ. ಇಲ್ಲಿಯ ತನಕ ಬಂದದ್ದೇ ಹೆಚ್ಚು, ಇನ್ನು ಎಳೆಯಬೇಡ ಎಂದು ಜನ ಅವಳಿಗೆ ಹೇಳಿದರು. ಅವಳು ಮನೆಗೆ ಹೋಗಿ ಏಣಿ ತಂದಳು. ಪೆಟ್ಟಿಗೆಯಿಂದ ಇಕ್ಕಳ ತೆಗೆದುಕೊಂಡಳು. ಅಂದು ಸಂತೆಯ ದಿನ, ಜನ ಇನ್ನೂ ನೆರೆದಿದ್ದರು. ಎತ್ತು, ಬಂಡಿ, ಬುಟ್ಟಿ ಹೊತ್ತ ಹೆಂಗಸರು ಎಲ್ಲ ಬಾಗಿಲಲ್ಲಿ ನಿಂತುಕೊಂಡರು. ಮುದುಕ ಏಣಿಯ ಬುಡ ಹಿಡಿದ. ಟಕ್ ಎಂದು ಕಾಲು ನೆಟ್ಟಗೆ ಮಾಡಿಕೊಂಡು ಗಟ್ಟಿಯಾಗಿ ನಿಂತ.

ಕಾವಲುಗಾರ ಈಟಿ ಹಿಡಿದು ಬಂದ.

"ಇಳಿ. ಅಪ್ಪಣೆ ಇಲ್ಲ."

"ಅಪ್ಪಣೆ ಕೇಳಿಲ್ಲ" ಎಂದಳು ಏಣಿಯ ಮೇಲಿನಿಂದ.

ಮೊಳೆಗಳಿಗೆ ಮಳೆಗಾಲದಲ್ಲಿ ತುಕ್ಕು ಹಿಡಿದಿತ್ತು. ಒಂದೊಂದು ಮೊಳೆ ಕಿತ್ತಾಗಲೂ ಕಿರ್ರೆಂದು ಸದ್ದಾಯಿತು. ಅವಳು ಅವಸರ ಮಾಡಲಿಲ್ಲ. ಬಳೆಯನ್ನು ತೆಗೆದು ಸೆರಗಿಗೆ ಹಾಕಿಕೊಂಡಳು, ಆಮೇಲೆ ಕೊಕ್ಕೆ, ಕವಲು, ಹೆಸರಿಲ್ಲದ ಆ ಸಲಾಕೆ. ಕೊನೆಗೆ ಹಲಗೆ. ಅದನ್ನು ಅವಳು ಕೆಳಗೆ ಎಸೆಯಲಿಲ್ಲ. ಕಂಕುಳಲ್ಲಿ ಇಟ್ಟುಕೊಂಡು ಒಂದೊಂದೇ ಮೆಟ್ಟಿಲು ಇಳಿದಳು. ಕಾವಲುಗಾರ ಅಧಿಕಾರಿಯ ಮನೆಯ ಕಡೆ ನೋಡಿದ. ಅಲ್ಲಿಯ ಕಿಟಕಿ ಮುಚ್ಚಿತ್ತು. ಜನರ ಕಡೆ ನೋಡಿದ. ಯಾರೂ ಕದಲಲಿಲ್ಲ. ಅವನು ಈಟಿಯನ್ನು ಗೋಡೆಗೆ ಒರಗಿಸಿ ಪಕ್ಕಕ್ಕೆ ನಿಂತ.

ಹಲಗೆ ಒಳ್ಳೆಯ ಹಲಸಿನ ಮರದ್ದು. ಅದನ್ನು ಅವಳು ಕೀಸಿ ಯಾರದೋ ಮನೆಯ ತೊಟ್ಟಿಲಿಗೆ ಹಾಕಿದಳಂತೆ.

ಆಮೇಲೆ ಎಲ್ಲ ಸರಿಹೋಯಿತು ಎಂದು ನಾನು ಹೇಳಲಾರೆ. ಅಧಿಕಾರಿ ಅಧಿಕಾರಿಯಾಗಿಯೇ ಉಳಿದ. ಕಣಜದ ಕಳ್ಳ ಯಾರೆಂದು ಕೊನೆಗೂ ಸಾಬೀತಾಗಲಿಲ್ಲ. ಜನ ನಿಧಾನವಾಗಿ ಅವಳ ಬಳಿಗೆ ಕೆಲಸ ತಂದರು. ಆದರೂ ಜಗಳವಾದಾಗ ಅವಳನ್ನು ಕಳ್ಳನ ಮಗಳೇ ಎಂದು ಕರೆಯುವ ನಾಲಿಗೆಗಳು ಇದ್ದೇ ಇದ್ದವು. ಅವಳು ತಿರುಗಿ ನಿಂತು "ಇನ್ನೊಮ್ಮೆ ಹೇಳು" ಎನ್ನುತ್ತಿದ್ದಳು. ಇನ್ನೊಮ್ಮೆ ಹೇಳಿದವರು ಕಡಿಮೆ.

ಮುದುಕ ಅವಳ ಮನೆಯಲ್ಲಿ ಕೆಲವು ದಿನ ಉಳಿದ. ಅವನ ಕಾಲು ಬಿಚ್ಚಿಟ್ಟುಕೊಂಡು ಅವಳು ಅಂಥದ್ದೇ ಇನ್ನೊಂದು ಮಾಡಿದಳು. ಮೊದಲನೆಯದು ನಿಲ್ಲಲಿಲ್ಲ. ಎರಡನೆಯದು ನಿಂತಿತು, ಮಡಚಲಿಲ್ಲ. ಮರದಿಂದ ಬಿದ್ದು ಕಾಲು ಕಳೆದುಕೊಂಡಿದ್ದ ಊರಿನ ಹೂವಾಡಗಿತ್ತಿಯೊಬ್ಬಳು ಮೂರನೆಯದನ್ನು ಕಟ್ಟಿಕೊಂಡು ಮುಂದಿನ ವರ್ಷ ಸಂತೆಗೆ ನಡೆದು ಬಂದಳು. ಅವಳನ್ನು ಕಳಿಸುವಾಗ ಕಾಳಮ್ಮ ಹೇಳಿದ್ದು, ನಡೆ.

ಗುರು ಇಲ್ಲಿಗೆ ಕತೆ ನಿಲ್ಲಿಸಿದರು.

ಸೋಮಲಿಂಗನಿಗೆ ಕತೆ ಹಿಡಿಸಿತ್ತು. ಆದರೆ ಸಮಾಧಾನವಾಗಿರಲಿಲ್ಲ.

"ಗುರುಗಳೇ, ಅವಳ ಪುಣ್ಯ, ಆ ಮುದುಕ ಬಂದ" ಎಂದ. "ಅವನು ಆ ದಾರಿಯಲ್ಲಿ ಬಾರದೇ ಹೋಗಿದ್ದರೆ? ಆ ಕಬ್ಬಿಣಗಳು ಏನೆಂದು ಕೊನೆಯ ತನಕ ಯಾರಿಗೂ ತಿಳಿಯದೇ ಹೋಗಿದ್ದರೆ? ಆಗ ಅಧಿಕಾರಿಯ ಮಾತೇ ನಿಲ್ಲುತ್ತಿತ್ತಲ್ಲವೇ?"

ಗುರು ಹೇಳಿದರು:

"ಮುದುಕ ಬರುವ ಹಿಂದಿನ ದಿನವೂ ಮೌನಪ್ಪ ಕಳ್ಳನಾಗಿರಲಿಲ್ಲ."